ಭೂಮಿಯೊಬ್ಬಳೇ ಕುಡಿದಳು

ಅಗೆಯಬೇಕಾದ ಜಾಗ ಗುರುತಿಸುವ ನಾಲ್ಕನೆಯ ಗೂಟವನ್ನು ನೆಲಕ್ಕೆ ಒತ್ತಿ ನಾನು ಸೊಂಟ ಹಿಡಿದುಕೊಂಡು ಏಳುತ್ತಿರುವಾಗ ಕ್ರಿಸಾಂತೊ ಅಲ್ಮರಾಸ್ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವನ ಇನ್ನೊಂದು ಕೈಯಲ್ಲಿ ಬಾಟಲಿ ಇತ್ತು.

"ಅಗೆಯೋಕೆ ಮುಂಚೆ ಅವಳನ್ನ ಒಂದ್ ಮಾತು ಕೇಳ್ಬೇಡ್ವಾ ಡಾಕ್ಟ್ರೇ?" ಎಂದ.

ಅವಳೆಂದರೆ ಪಾಚಮಾಮಾ, ಭೂತಾಯಿ. ನಮ್ಮ ತಾಕೊಪಂಪಾದಲ್ಲಿ ಅವಳನ್ನು ಕೇಳದೆ ಯಾರೂ ಗುದ್ದಲಿ ಎತ್ತುವುದಿಲ್ಲ. ಆಲೂಗಡ್ಡೆ ಬಿತ್ತುವವನು ಕೇಳುತ್ತಾನೆ, ಪಾಯ ತೋಡುವವನು ಕೇಳುತ್ತಾನೆ. ಕಾರ್ನಿವಲ್ ಹಬ್ಬ ಮುಗಿದ ವಾರದಲ್ಲಿ ನನ್ನ ಹೆಂಡತಿ ಹೆರ್ಮಿನಿಯಾಗಾಗಿ ಗುಂಡಿ ತೋಡಿದವರೂ ಕೇಳಿದ್ದರು. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿ ಸರಿದ ಮೇಲೆ ಅವರು ಗುಂಡಿಯ ಅಂಚಿಗೆ ಚೀಚಾ ಸುರಿದರು. ಮೆಕ್ಕೆಜೋಳದ ಆ ಹುಳಿ ಹೆಂಡದ ವಾಸನೆಯೂ ಧೂಪದ ವಾಸನೆಯೂ ಒಂದಾಗಿ ನನ್ನ ಶೋಕದ ಕರಿ ಕೋಟಿನಲ್ಲಿ ಇಂದಿಗೂ ಉಳಿದಿವೆ.

ಕ್ರಿಸಾಂತೊ ಗೂಟದಿಂದ ಗೂಟಕ್ಕೆ ನಡೆದ. ಪ್ರತಿಯೊಂದರ ಬುಡಕ್ಕೂ ಧಾರಾಳವಾಗಿ ಚೀಚಾ ಸುರಿದು, ಕೆಚುವಾ ಭಾಷೆಯಲ್ಲಿ ತುಟಿಯೊಳಗೇ ಏನೋ ಹೇಳಿಕೊಂಡ. ನಾನೂ ಟೋಪಿ ತೆಗೆದೆ. ಹೆರ್ಮಿನಿಯಾಳ ಆತ್ಮವನ್ನು ನೆನೆದು ಪರಲೋಕದ ತಂದೆಗೆ ಒಂದು ಪ್ರಾರ್ಥನೆ ಹೇಳಿದೆ. ಪೊಲೀಸ್ ಲೆಫ್ಟಿನೆಂಟ್ ನಿನ್ಫಾ ಅರಾನ್ಸಿಬಿಯಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

ಆ ಗಳಿಗೆಯಲ್ಲಿ ಬುದ್ಧಿ ನೆಟ್ಟಗಿರಬೇಕಾಗಿದ್ದವನು ನಾನು. ಪ್ರಾಂತದ ಆಸ್ಪತ್ರೆಯ ವೈದ್ಯ, ನ್ಯಾಯಾಲಯಕ್ಕೆ ಬೇಕಾದ ಶವಪರೀಕ್ಷೆಗಳನ್ನು ಮಾಡುತ್ತ ಮುದುಕನಾದವನು. ಆದರೆ ನನ್ನ ಮನಸ್ಸು ಗೋರಿಯ ಬಳಿ ಇತ್ತು.

ಆ ಅಂಗಳ ದೋನ್ಯಾ ಸತುರ್ನೀನಾಳ ಚೀಚಾ ಅಂಗಡಿಯದು. ಸರ್ವಸಂತರ ಹಬ್ಬಕ್ಕೆ ಮೊದಲಿನ ಭಾನುವಾರ ಅಲ್ಲಿಯೇ, ಮೊಲ್ಯೆ ಮರದ ಕೆಳಗಿನ ಬೆಂಚಿನಿಂದ, ದಮಿಯಾನ್ ಕಮಾಚೊ ಕೆಳಗೆ ಉರುಳಿದ್ದ. ಕಾಲುವೆಯ ನೀರನ್ನು ಹೊಲಹೊಲಕ್ಕೆ ಸರದಿಯಂತೆ ಹಂಚುವ ನೀರಿನ ನ್ಯಾಯಾಧಿಪತಿ ಅವನು. ನಾನು ಓಡಿ ಬಂದು ರೆಪ್ಪೆ ಎತ್ತಿ ನೋಡಿದಾಗ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಬಾಯಲ್ಲಿ ನೊರೆ. ಆಸ್ಪತ್ರೆ ತಲುಪುವ ಮೊದಲೇ ಹೋದ. ಅವನ ರಕ್ತವನ್ನೂ ಹೊಟ್ಟೆಯಲ್ಲಿದ್ದುದನ್ನೂ ರಾಜಧಾನಿಯ ಪ್ರಯೋಗಾಲಯಕ್ಕೆ ಕಳಿಸಿದ್ದೆವು. ಉತ್ತರ ತಂತಿಯಲ್ಲಿ ಬಂತು: ಗಿಡಕ್ಕೆ ಹೊಡೆಯುವ ಕೀಟನಾಶಕ.

ಚೀಚಾ ಕೊಟ್ಟವಳು ಸತುರ್ನೀನಾ. ಗಾಬರಿಯಲ್ಲಿ ಬಕೆಟ್ಟನ್ನೂ ಸೋರೆಬುರುಡೆಯ ಬಟ್ಟಲನ್ನೂ ತೊಳೆದಿಟ್ಟವಳೂ ಅವಳೇ. ಪೊಲೀಸರಿಗೆ ಅಷ್ಟು ಸಾಕಾಯಿತು. ಹಾಲು ಕುಡಿಯುವ ಮಗುವಿನೊಡನೆ ಅವಳನ್ನು ಊರ ಠಾಣೆಯ ಕೋಣೆಯಲ್ಲಿ ಕೂರಿಸಿದರು.

ನೆಲದ ಮಣ್ಣನ್ನು ಪರೀಕ್ಷಿಸೋಣ ಎಂಬ ಯೋಚನೆ ನನ್ನದು. ನಮ್ಮಲ್ಲಿ ಯಾರೂ ಬಟ್ಟಲನ್ನು ನೇರವಾಗಿ ಬಾಯಿಗೆ ಇಡುವುದಿಲ್ಲ. ಮೊದಲು ಒಂದಿಷ್ಟು ಕಾಲ ಬಳಿ ನೆಲಕ್ಕೆ ಚೆಲ್ಲಿ, ಭೂತಾಯಿಯ ಪಾಲು ಕೊಟ್ಟು, ಆಮೇಲೆ ತಾವು ಕುಡಿಯುತ್ತಾರೆ. ವಿಷ ಸತುರ್ನೀನಾಳ ಬಕೆಟ್ಟಿನಲ್ಲೇ ಇದ್ದಿದ್ದರೆ ಅಂದು ಅಲ್ಲಿ ಕುಡಿದವರೆಲ್ಲರ ಕಾಲ ಬಳಿಯೂ ಮಣ್ಣಿನಲ್ಲಿ ವಿಷ ಇರಬೇಕು. ದಮಿಯಾನನ ಬಟ್ಟಲಿಗೆ ಮಾತ್ರ ಯಾರೋ ಬೆರೆಸಿದ್ದರೆ ಅವನ ಕಾಲ ಬಳಿ ಮಾತ್ರ. ಅಲ್ಲಿಂದೀಚೆಗೆ ಮಳೆ ಬಿದ್ದಿಲ್ಲ, ಅಂಗಳಕ್ಕೆ ಪೊಲೀಸರ ಬೀಗ ಬಿದ್ದಿದೆ. ಮಣ್ಣು ಇನ್ನೂ ಮಾತಾಡಬಲ್ಲದು.

ನಿನ್ಫಾ ಇದನ್ನು ನ್ಯಾಯಾಧೀಶರಿಗೆ ಒಪ್ಪಿಸಿ ಬಂದಿದ್ದಳು. ಅವರ ಮಾತು ಸ್ಪಷ್ಟವಾಗಿತ್ತು. ಇಂದು ಸಂಜೆಯ ಬಸ್ಸಿನಲ್ಲಿ ಮಾದರಿಗಳು ಹೊರಟರೆ ವರದಿ ಬರುವವರೆಗೆ ಸತುರ್ನೀನಾ ಊರಲ್ಲೇ ಇರಲಿ. ಹೊರಡದಿದ್ದರೆ ನಾಳೆ ಬೆಳಿಗ್ಗೆ ನಗರದ ಸೆರೆಮನೆಗೆ. ಆ ಸೆರೆಮನೆಗೆ ಹೋದ ನಮ್ಮ ಕಡೆಯ ಬಡವರು ವಿಚಾರಣೆಯ ಮುಖ ನೋಡುವ ಹೊತ್ತಿಗೆ ಮಡಿಲ ಮಕ್ಕಳು ಶಾಲೆಗೆ ಹೋಗುವಷ್ಟಾಗಿರುತ್ತಾರೆ.

ನೀರಿನ ಬಳಕೆದಾರರ ಪರವಾಗಿ ಒಬ್ಬ ಸಾಕ್ಷಿ ಬೇಕೆಂದೂ ನ್ಯಾಯಾಧೀಶರು ಹೇಳಿದ್ದರು. ದಮಿಯಾನ್ ಸತ್ತ ಮೇಲೆ ಅವನ ಜಾಗದಲ್ಲಿ ಸದ್ಯಕ್ಕೆ ಕೂತವನು ಕ್ರಿಸಾಂತೊ. ಹಾಗಾಗಿ ಸಾಕ್ಷಿಯೂ ಅವನೇ. ಪೀಚ್ ತೋಟಕ್ಕೆ ಸರದಿ ಮೀರಿ ನೀರು ಕೇಳಿ, ಕಾಲುವೆಯ ದಂಡೆಯ ಮೇಲೆ ಎಲ್ಲರ ಎದುರು ದಮಿಯಾನನಿಂದ ಇಲ್ಲ ಎನ್ನಿಸಿಕೊಂಡವನೂ ಅವನೇ. ಆ ಭಾನುವಾರ ದಮಿಯಾನನಿಗೆ ಕೊನೆಯ ಬಟ್ಟಲು ಕೊಟ್ಟವನು ತಾನೆಂದು ಅವನು ಮುಚ್ಚಿಟ್ಟಿರಲಿಲ್ಲ. ಕೊಡುವವನು ಮೊದಲು ತಾನು ಕುಡಿದು, ಅದೇ ಬಟ್ಟಲನ್ನು ಮತ್ತೆ ತುಂಬಿ ಕೊಡುವುದು ನಮ್ಮ ಪದ್ಧತಿ. "ಅದೇ ಬಟ್ಟಲಲ್ಲಿ ನಾನೂ ಕುಡ್ದಿದ್ದೀನಿ, ಸತ್ತಿದ್ದೀನಾ?" ಎಂದು ಅವನು ಠಾಣೆಯಲ್ಲಿ ನಕ್ಕಿದ್ದ. ಎರಡನೆಯ ಸಲ ತುಂಬುವಾಗ ಅವನ ಬೆನ್ನು ಜನರ ಕಡೆಗಿತ್ತು ಎಂಬುದಷ್ಟೇ ನಮ್ಮ ಕೈಯಲ್ಲಿದ್ದದ್ದು.

ಮಣ್ಣು ತೆಗೆಯುವ ಕೆಲಸ ನಾನು ಶಾಸ್ತ್ರಪ್ರಕಾರವೇ ಮಾಡಿದೆ. ಶುದ್ಧವಾಗಿರಬಹುದಾದ ಜಾಗದಿಂದ ಹಿಡಿದು ಅನುಮಾನದ ಜಾಗದ ಕಡೆಗೆ ಬರಬೇಕು. ಮೊದಲು ಮರದ ಹಿಂದೆ, ಯಾರೂ ಕೂರದ ಮೂಲೆ. ಆಮೇಲೆ ಸತುರ್ನೀನಾ ಬಕೆಟ್ ಇಟ್ಟುಕೊಂಡು ನಿಲ್ಲುತ್ತಿದ್ದ ಕಡೆ. ಆಮೇಲೆ ಕ್ರಿಸಾಂತೊನ ಬೆಂಚು. ಕೊನೆಗೆ ದಮಿಯಾನನ ಕಾಲ ಬಳಿ. ಒಂದೊಂದಕ್ಕೂ ಚಮಚವನ್ನು ಸ್ಪಿರಿಟ್ಟಿನಲ್ಲಿ ತೊಳೆದು ಬೆಂಕಿಗೆ ಹಿಡಿದೆ, ಕೈಗವಸು ಬದಲಿಸಿದೆ. ಮೇಲಿನ ಎರಡು ಬೆರಳಿನಷ್ಟು ಆಳದ ಮಣ್ಣು ಮಾತ್ರ, ಗಾಜಿನ ಸೀಸೆಗೆ. ಪ್ಲಾಸ್ಟಿಕ್ ಆಗದು, ಅದು ವಿಷವನ್ನು ತಾನೇ ಹೀರಿಕೊಳ್ಳುತ್ತದೆ.

ಕ್ರಿಸಾಂತೊ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಇಷ್ಟು ಮಣ್ಣಿಗೆ ಇಷ್ಟು ಉಪಚಾರವೇ, ತನ್ನ ಹೆಂಡತಿ ಮಗುವಿಗೆ ಉಣ್ಣಿಸುವಾಗಲೂ ಚಮಚ ಹೀಗೆ ತೊಳೆಯುವುದಿಲ್ಲ ಎಂದು ಗೇಲಿ ಮಾಡಿದ. ಕೆಲಸ ಮುಗಿದಾಗ ಊಟ ಮಾಡಿ ಆಸ್ಪತ್ರೆಗೆ ಬಂದು ಮೊಹರುಗಳ ಮೇಲೆ ಸಹಿ ಹಾಕುವುದಾಗಿ ಹೇಳಿ, ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದ.

ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ನಾನೂ ನಿನ್ಫಾಳೂ ಮಾತ್ರ ಇದ್ದೆವು. ಅವಳು ಲಸಿಕೆಯ ಫ್ರಿಜ್ಜಿನಿಂದ ಮಂಜುಗಡ್ಡೆಯ ಚೀಲಗಳನ್ನು ತಂದು ಪೆಟ್ಟಿಗೆಯ ತಳಕ್ಕೆ ಹಾಸುತ್ತಿದ್ದಳು. ನಾನು ಒಂದೊಂದು ಸೀಸೆಯ ಚೀಟಿ ಬರೆದು, ಬೆಳಕು ತಾಗದಂತೆ ಕರಿ ಕಾಗದ ಸುತ್ತಿ, ಅರಗು ಕಾಯಿಸಿ ಮೊಹರು ಒತ್ತಬೇಕು.

ಚೀಟಿಯಲ್ಲಿ ಎಲ್ಲಿಂದ ತೆಗೆದದ್ದು, ಯಾರು ತೆಗೆದದ್ದು, ಯಾರ ಎದುರು ಎಂದು ಬರೆದಾದ ಮೇಲೆ ಮಣ್ಣಿನ ಸ್ಥಿತಿ ಎಂಬ ಒಂದು ಸಾಲು ಬರುತ್ತದೆ. ನಾನು 'ಒಣ' ಎಂದು ಬರೆದೆ. ಬರೆದು ಸೀಸೆಯನ್ನು ಕರಿ ಕಾಗದದ ಮೇಲೆ ಇಡಲು ಎತ್ತಿದೆ.

ಗಾಜಿನ ಒಳಗೆ ಮಂಜು ಕಟ್ಟಿತ್ತು.

ಕಿಟಕಿಯ ಕಡೆ ಹಿಡಿದೆ. ಒಳಗೋಡೆಯ ಮೇಲೆ ಸಣ್ಣ ಹನಿಗಳು. ಎರಡನೆಯದನ್ನು ಎತ್ತಿದೆ, ಮೂರನೆಯದನ್ನು ಎತ್ತಿದೆ. ಎಲ್ಲದರಲ್ಲೂ ಹಾಗೆಯೇ. ಯಾರೂ ಕೂರದ ಮೂಲೆಯ ಮಣ್ಣಿನಲ್ಲೂ.

ಚಮಚದಿಂದ ತೆಗೆಯುವಾಗಲೇ ಅದು ಒದ್ದೆಯಾಗಿತ್ತು. ನನ್ನ ಕಣ್ಣು ಕಂಡಿತ್ತು, ಆದರೆ ಅದನ್ನು ಒದ್ದೆಯೆಂದು ಎಣಿಸಿರಲಿಲ್ಲ. ಪವಿತ್ರ ಜಲ ಬಿದ್ದ ಹಣೆಯನ್ನು ನಾವು ಒರೆಸಿಕೊಳ್ಳುವುದಿಲ್ಲವಲ್ಲ, ಹಾಗೆ. ಭೂತಾಯಿಗೆ ಕೊಟ್ಟದ್ದು ಭೂತಾಯಿಯದಾಯಿತು, ಅದು ಮಣ್ಣಿನ ಮೇಲೆ ಇದೆ ಎಂದು ಈ ಕಣಿವೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಪ್ರಯೋಗಾಲಯದವರಿಗೆ ಮಾತ್ರ ಅನ್ನಿಸುತ್ತದೆ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಿನ್ಫಾ ಏನಾಯಿತೆಂದು ಕೇಳಿದಳು. ಹೇಳಿದೆ.

ನಾಲ್ಕು ಹನಿ ಚೀಚಾದಿಂದ ಏನಾಗುತ್ತದೆ ಎಂದಳು.

"ಬರೀ ಚೀಚಾ ಆಗಿದ್ರೆ ಏನೂ ಆಗಲ್ಲ ಮಗಳೇ," ಎಂದೆ. "ಅದ್ರಲ್ಲಿ ಬೇರೆ ಏನಾದ್ರೂ ಇದ್ರೆ?"

ಬಾಯಿಬಿಟ್ಟು ಹೇಳಿದ ಮೇಲೆಯೇ ಅದರ ಅರ್ಥ ನನಗೂ ಪೂರ್ತಿ ಹೊಳೆದದ್ದು. ಆ ಬಾಟಲಿಯಲ್ಲಿ ಕೀಟನಾಶಕ ಇದ್ದಿದ್ದರೆ ನಾಲ್ಕು ಸೀಸೆಗಳಲ್ಲೂ ಅದೇ ಸಿಗುತ್ತದೆ. ವಿಷ ಎಲ್ಲರ ಕಾಲ ಬಳಿಯೂ ಇತ್ತು, ಅಂದರೆ ಬಕೆಟ್ಟಿನಲ್ಲೇ ಇತ್ತು, ಅಂದರೆ ಸತುರ್ನೀನಾಳೇ ಹಾಕಿದಳು ಎಂದು ವರದಿ ಹೇಳುತ್ತದೆ. ಅವಳನ್ನು ಬಿಡಿಸಲೆಂದು ನಾನು ತೆಗೆದ ಮಣ್ಣೇ ಅವಳ ಮೇಲೆ ಬೀಳುತ್ತದೆ.

ಆಗ ಇನ್ನೊಂದು ನೆನಪಾಯಿತು. ಭೂಮಿಗೆ ಕೊಟ್ಟವನು ಆಮೇಲೆ ತಾನೂ ಕುಡಿಯಬೇಕು. ಅದು ಅವಳೊಡನೆ ಕೂತು ಕುಡಿಯುವ ಗೆಳೆತನ. ಬೆಳಿಗ್ಗೆ ಕ್ರಿಸಾಂತೊ ಸುರಿದ, ಬಾಟಲಿಯ ಬಾಯನ್ನು ಅಂಗೈಯಿಂದ ಒರೆಸಿದ, ಕೆಳಗಿಟ್ಟ. ಕುಡಿಯಲಿಲ್ಲ. ನಾನು ಶೋಕದಲ್ಲಿರುವವನು, ವರ್ಷ ತುಂಬುವವರೆಗೆ ಕುಡಿಯುವುದಿಲ್ಲ. ನಿನ್ಫಾ ಕೆಲಸದ ಮೇಲಿದ್ದಳು. ಹಾಗಾಗಿ ಯಾರೂ ಯಾರಿಗೂ ಕೊಡಲಿಲ್ಲ, ಯಾರಿಗೂ ವಿಚಿತ್ರವೆನಿಸಲೂ ಇಲ್ಲ. ಭೂಮಿಯೊಬ್ಬಳೇ ಕುಡಿದಳು.

ಮತ್ತೆ ಅಗೆಯಲು ಆಗುವುದಿಲ್ಲವೇ ಎಂದು ನಿನ್ಫಾ ಕೇಳಿದಳು. ಆಗುವುದಿಲ್ಲ, ಸುರಿದದ್ದು ಆಳಕ್ಕೆ ಇಳಿದಿದೆ, ಮೇಲಿನ ಪದರ ನಮ್ಮ ಸೀಸೆಗಳಲ್ಲಿದೆ ಎಂದೆ. ಉಳಿದಿರುವುದು ಒಂದೇ ದಾರಿ. ಬಾಟಲಿಯಲ್ಲಿ ಉಳಿದಿರುವ ಚೀಚಾವನ್ನೂ ಐದನೆಯ ಮಾದರಿಯಾಗಿ ಕಳಿಸಬೇಕು. ಅದು ಶುದ್ಧವಾಗಿದ್ದರೆ ನಾಲ್ಕೂ ಸೀಸೆಗಳು ನಂಬಿಕೆಗೆ ಅರ್ಹ. ಅದರಲ್ಲಿ ವಿಷವಿದ್ದರೆ ಸುರಿದವನು ಉತ್ತರ ಹೇಳಲಿ.

ಬಸ್ಸಿಗೆ ಹೊತ್ತಾಯಿತು, ಇರುವ ನಾಲ್ಕನ್ನೇ ಕಳಿಸೋಣ ಎಂದಳು ನಿನ್ಫಾ. ನಾನು ಒಪ್ಪಲಿಲ್ಲ. ನಾವು ಹೀಗೆ ಮಾತಾಡುತ್ತಿರುವಾಗಲೇ ಬಾಗಿಲು ದೂಡಿಕೊಂಡು ಕ್ರಿಸಾಂತೊ ಬಂದ. ಮುಖ ತೊಳೆದು, ತಲೆ ಬಾಚಿ, ಹಬ್ಬಕ್ಕೆ ಬಂದವನ ಹಾಗಿದ್ದ. ಬಾಟಲಿ ಇನ್ನೂ ಕಂಕುಳಲ್ಲೇ ಇತ್ತು.

"ಎಲ್ಲಿ, ಎಲ್ಲಿ ಸಹಿ ಹಾಕ್ಬೇಕು? ನನ್ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ, ನಗಬಾರ್ದು ಮತ್ತೆ."

"ಸಹಿ ಆಮೇಲೆ," ಎಂದೆ. "ಆ ಬಾಟಲಿ ಕೊಡಿ ದೋನ್ ಕ್ರಿಸಾಂತೊ."

"ಬಾಯಾರಿಕೆಯಾ?"

"ಬೆಳಿಗ್ಗೆ ಭೂಮಿಗೆ ಕೊಟ್ರಿ. ನೀವು ಯಾಕೆ ಕುಡೀಲಿಲ್ಲ?"

ಅವನು ನನ್ನ ಮುಖವನ್ನೇ ನೋಡಿದ. ತಡಬಡಿಸುತ್ತಾನೆ ಎಂದುಕೊಂಡಿದ್ದೆ. ಅವನು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತ.

"ಸತ್ತವರ ಮನೆ ಚೀಚಾ ಅದು, ಡಾಕ್ಟ್ರೇ. ಆತ್ಮಕ್ಕೆ ಅಂತ ಮೇಜಿನ ಮೇಲೆ ಇಟ್ಟಿದ್ದು. ಮನೆಯವರ ಎದುರು ಪ್ರಾರ್ಥನೆ ಹೇಳಿ, ಅವರು ಕೈಯಾರೆ ಕೊಟ್ರೆ ಕುಡೀಬೇಕು. ಹಾಗೇ ಕುಡಿಯೋಕೆ ನಾನೇನ್ ಕಳ್ಳನಾ?"

"ಯಾರ ಮನೆಯದು?"

ಅವನು ಬಾಟಲಿಯನ್ನು ಮೇಜಿನ ಮೇಲೆ ಇಟ್ಟು, ನನ್ನ ಕಡೆಗೆ ತಿರುಗಿಸಿದ. ಬೆಳಿಗ್ಗೆ ಅದಕ್ಕೆ ಬೂಚು ಇರಲಿಲ್ಲ, ಅವನ ಜೇಬಿನಲ್ಲಿ ಇದ್ದಿರಬೇಕು. ಈಗ ಇತ್ತು. ಜೋಳದ ದಿಂಡಿಗೆ ಬಟ್ಟೆಯ ತುಂಡು ಸುತ್ತಿ ಮಾಡಿದ ಬೂಚು. ಬಟ್ಟೆ ನೇರಳೆ ಬಣ್ಣದ್ದು, ಅಂಚಿನಲ್ಲಿ ಸಣ್ಣ ಬಿಳಿ ಹೊಲಿಗೆ.

ಹೆರ್ಮಿನಿಯಾಳ ಲಂಗ ಅದು. ಮಾತೆ ಮರಿಯಳ ಹಬ್ಬಕ್ಕೆ ಉಡುತ್ತಿದ್ದದ್ದು. ಅದು ಹಳತಾದ ಮೇಲೆ ಅವಳ ತಂಗಿ ಎದೆಲ್ಮೀರಾ ಅದನ್ನು ಕತ್ತರಿಸಿ ಹಬ್ಬದ ಬಾಟಲಿಗಳಿಗೆಲ್ಲ ಬೂಚು ಮಾಡಿದ್ದಳು. ಮೊನ್ನೆ ಸರ್ವಸಂತರ ಹಬ್ಬದಲ್ಲಿ ನನ್ನ ಮನೆಯ ಮುಂಗೋಣೆಯಲ್ಲಿ ಕರಿ ಬಟ್ಟೆ ಹಾಸಿದ ಮೇಜಿನ ಮೇಲೆ, ಹೆರ್ಮಿನಿಯಾಳ ಚಿತ್ರದ ಮುಂದೆ, ಮಗುವಿನ ಆಕಾರದ ರೊಟ್ಟಿಗಳ ನಡುವೆ ಈ ಬಾಟಲಿಗಳು ಸಾಲಾಗಿ ನಿಂತಿದ್ದವು. ಅವಳ ಆತ್ಮ ಬಂದು ಉಂಡು ಹೋಗಲೆಂದು ನಾನು ರಾತ್ರಿಯಿಡೀ ಜಪಮಾಲೆ ಹಿಡಿದು ಅವುಗಳ ಎದುರು ಕೂತಿದ್ದೆ.

"ಗುರುತು ಹತ್ತಿತಾ?" ಎಂದ ಕ್ರಿಸಾಂತೊ.

ಇದು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿದೆ. ಅದನ್ನು ನಿಮ್ಮ ಮನೆಯಲ್ಲಿ ಕೇಳಿ ಎಂದ. ಲೆಫ್ಟಿನೆಂಟ್ ಎದುರಿಗೆ ಕೇಳುತ್ತಿದ್ದೇನೆ, ಉತ್ತರ ಕೊಡಬೇಕು ಎಂದೆ. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲಿದ್ದ ಖಾಲಿ ಸೀಸೆಯನ್ನು ಬೆರಳಿನಿಂದ ನನ್ನ ಕಡೆ ತಳ್ಳಿದ.

"ಇದಕ್ಕೆ ಹಾಕ್ಕೊಳಿ. ನಾನು ಬೇಡ ಅಂದ್ನಾ? ಮೊಹರು ಒತ್ತಿ, ಚೀಟಿ ಬರೀರಿ. ಎಲ್ಲಿಂದ ಬಂದದ್ದು ಅನ್ನೋ ಸಾಲಲ್ಲಿ ಏನ್ ಬರೀತೀರಿ ಅಂತ ನೋಡ್ಬೇಕು ನಾನು."

ನಾನು ಲೇಖನಿ ಎತ್ತಿದವನು ಹಾಗೆಯೇ ನಿಂತೆ. ಅವನು ಏನು ಹೇಳುತ್ತಿದ್ದಾನೆಂದು ನನಗೆ ಆಗ ಅರ್ಥವಾಯಿತು.

"ನಿಮ್ಮ ಮನೆ ಅಂತ ಬರೆದ್ರೆ," ಎಂದು ಅವನೇ ಬಿಡಿಸಿ ಹೇಳಿದ, "ಮಣ್ಣು ತೆಗೆದವರು ನೀವು, ಮೊಹರು ನಿಮ್ದು, ಮಣ್ಣಿನ ಮೇಲೆ ಬಿದ್ದದ್ದೂ ನಿಮ್ಮನೇದೇ. ಆ ಸೀಸೆಗಳನ್ನ ಯಾವ ನ್ಯಾಯಾಧೀಶ ನಂಬ್ತಾನೆ? ಕಸಕ್ಕೆ ಎಸೀತಾನೆ. ಆಮೇಲೆ ಸತುರ್ನೀನಾ ನಗರದ ಜೈಲಲ್ಲಿ ಚೀಚಾ ಮಾರ್ತಾಳೆ. ಬರೀದೇ ಇದ್ರೆ ನೀವು ಸುಳ್ಳು ಬರೆದ ಹಾಗಾಯ್ತು. ದಿನಾ ಬೆಳಿಗ್ಗೆ ಪೂಜೆಗೆ ಹೋಗೋರು ನೀವು."

ನಿನ್ಫಾ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡಿದಳು. "ಡಾಕ್ಟರ್, 'ಕ್ರಿಸಾಂತೊ ಅಲ್ಮರಾಸ್ ಅವರ ಕೈಯಿಂದ ಪಡೆದದ್ದು' ಅಂತ ಬರೀರಿ. ಅದು ಸುಳ್ಳಲ್ಲ. ನೀವು ಪಡೆದದ್ದು ಅವರ ಕೈಯಿಂದಾನೇ ತಾನೇ? ಬೂಚು ತೆಗೆದು ಬಿಸಾಕಿ. ಯಾರಿಗೂ ಗೊತ್ತಾಗಲ್ಲ."

ಅದು ಸುಳ್ಳಲ್ಲವೆಂಬುದು ನಿಜ. ಆ ಕ್ಷಣದಲ್ಲಿ ನನಗೆ ಅದು ಎಷ್ಟು ಹಿತವಾಗಿ ಕೇಳಿಸಿತೆಂದರೆ ಕೈ ತಾನಾಗಿ ಚೀಟಿಯ ಕಡೆ ಹೋಯಿತು. ಠಾಣೆಯ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಅಲುಗಿಸುತ್ತ ಕೂತ ಸತುರ್ನೀನಾ ಕಣ್ಣಿಗೆ ಬಂದಳು. ಅವಳಿಗಾಗಿ ಒಂದು ಸಾಲು ಮುಚ್ಚಿಟ್ಟರೆ ದೇವರು ಕ್ಷಮಿಸುವುದಿಲ್ಲವೇ ಎಂದುಕೊಂಡೆ.

ಆದರೆ ಪ್ರಯೋಗಾಲಯದಲ್ಲಿ ಕೂತವನಿಗೆ ನನ್ನ ಮುಖ ಗೊತ್ತಿಲ್ಲ, ಸತುರ್ನೀನಾಳ ಮುಖವೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಚೀಟಿ ಮಾತ್ರ. ಚೀಟಿಯ ಒಂದು ಸಾಲು ಬಾಗಿದರೆ ಅವನು ಕಂಡದ್ದೆಲ್ಲವೂ ಬಾಗುತ್ತದೆ. ನಾಳೆ ಯಾರೋ ಆ ಬೂಚಿನ ಬಟ್ಟೆಯನ್ನು ನ್ಯಾಯಾಲಯದಲ್ಲಿ ಎತ್ತಿ ಹಿಡಿದರೆ ಸತುರ್ನೀನಾಳ ಕೊನೆಯ ಆಸರೆಯೂ ಹೋಗುತ್ತದೆ. ನನ್ನ ಸುಳ್ಳು ಅವಳ ಕೊರಳಿಗೆ ಬೀಳುತ್ತದೆ.

ಶಿಲುಬೆಯ ಗುರುತು ಮಾಡಿಕೊಂಡೆ. ಮೊದಲ ಚೀಟಿಯ 'ಒಣ'ವನ್ನು ಹೊಡೆದು, ನಾಲ್ಕರಲ್ಲೂ 'ಒದ್ದೆ' ಎಂದು ಬರೆದೆ. ಬಾಟಲಿಯ ಚೀಚಾವನ್ನು ಸೀಸೆಗೆ ಬಗ್ಗಿಸಿ, ಬೂಚನ್ನೂ ಬೇರೆ ಕಾಗದದಲ್ಲಿ ಕಟ್ಟಿ ಅದಕ್ಕೆ ಲಗತ್ತಿಸಿದೆ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಮೂಲ: ಮಾದರಿ ತೆಗೆದ ಡಾಕ್ಟರ್ ನಿಕಾನೋರ್ ಸುರೀತಾ ಅವರ ಮನೆ. ಮಣ್ಣು ತೆಗೆಯುವ ಮೊದಲು ನಾಲ್ಕೂ ಜಾಗಗಳಲ್ಲಿ ಸುರಿಯಲಾಗಿದೆ.

ಕ್ರಿಸಾಂತೊ ತಲೆಯಾಡಿಸಿ ನಗುತ್ತಿದ್ದ. ನಾನು ನಿಲ್ಲಿಸಲಿಲ್ಲ. ಅದರ ಕೆಳಗೆ ಇನ್ನೆರಡು ಸಾಲು ಬರೆದು ಗಟ್ಟಿಯಾಗಿ ಓದಿದೆ.

"ಸುರಿದವರು, ಕ್ರಿಸಾಂತೊ ಅಲ್ಮರಾಸ್. ಕುಡಿದವರು, ಯಾರೂ ಇಲ್ಲ."

ಅವನ ನಗು ಹಾಗೆಯೇ ಮುಖದ ಮೇಲೆ ಉಳಿಯಿತು, ಆದರೆ ಕಣ್ಣಿನಿಂದ ಹೋಗಿತ್ತು.

"ಇದೇನಿದು, ಇಂಥಾದ್ದೆಲ್ಲ ಬರೆಯೋ ಪದ್ಧತಿ ಇದೆಯಾ?"

"ಇವತ್ತಿನಿಂದ ಇದೆ," ಎಂದೆ. "ನನ್ನ ಮನೆ ಹೆಸರು ಬಂತು. ನಿಮ್ಮ ಕೈಯ ಹೆಸರೂ ಬರಲಿ. ಸಾಕ್ಷಿ ಅಂತ ಬಂದಿದ್ದೀರಿ, ಸಹಿ ಹಾಕಿ. ಇಲ್ಲಾಂದ್ರೆ ಯಾಕೆ ಹಾಕಲ್ಲ ಅಂತ ಅದನ್ನೂ ಬರೀತೀನಿ."

ಅವನು ಲೇಖನಿ ಹಿಡಿದುಕೊಂಡು ಬಹಳ ಹೊತ್ತು ಕೂತ. ಮೊದಲ ಬಾರಿಗೆ ಅವನ ಕಣ್ಣು ಪಕ್ಕಕ್ಕೆ, ನಿನ್ಫಾ ನಿಂತಿದ್ದ ಕಡೆಗೆ ಸರಿದು ವಾಪಸು ಬಂತು. ಕೊನೆಗೆ ಐದೂ ಚೀಟಿಗಳ ಮೇಲೆ ಸಹಿ ಹಾಕಿದ. ಅಕ್ಷರ ಕೋಳಿ ಕೆದರಿದ ಹಾಗೇನೂ ಇರಲಿಲ್ಲ, ಬಹಳ ಚೆನ್ನಾಗಿಯೇ ಇತ್ತು. ಎದ್ದು ಹೋದ.

ನಾವು ಅರಗು ಕಾಯಿಸಿ ಮೊಹರು ಒತ್ತಿದೆವು. ಸೀಸೆಗಳ ನಡುವೆ ಹಳೆಯ ಪತ್ರಿಕೆ ತುರುಕಿ, ಮೇಲೆ ಮಂಜುಗಡ್ಡೆಯ ಚೀಲ ಇಟ್ಟು, ಪೆಟ್ಟಿಗೆಗೆ ಅಡ್ಡಡ್ಡ ಹಗ್ಗ ಬಿಗಿದೆವು. ನ್ಯಾಯಾಲಯದ ಜವಾನನ ಜೊತೆ ಕಳಿಸುವುದು ಎಂದಿದ್ದದ್ದು. ಇಷ್ಟೆಲ್ಲ ಆದ ಮೇಲೆ ಬೇರೆಯವರನ್ನು ನಂಬುವುದು ಬೇಡ, ನಾನೇ ಪ್ರಯೋಗಾಲಯದ ಕೈಗೆ ಮುಟ್ಟಿಸಿ ಬರುತ್ತೇನೆ ಎಂದಳು ನಿನ್ಫಾ. ನಾನು ಅವಳ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದೆ. ಬಸ್ಸು ಚೌಕ ಬಿಟ್ಟು ಹೋಗುವವರೆಗೆ ನೋಡುತ್ತ ನಿಂತೆ.

ಮನೆಗೆ ಹೋಗುವ ದಾರಿಯಲ್ಲೇ ಠಾಣೆ. ಕಿಟಕಿಯ ಸರಳಿನಾಚೆ ಸತುರ್ನೀನಾ ಎದ್ದು ಬಂದಳು. ಸೀಸೆಗಳು ಹೊರಟವು, ನಾಳೆ ನಿನ್ನನ್ನು ಎಲ್ಲಿಗೂ ಒಯ್ಯುವುದಿಲ್ಲ ಎಂದು ಹೇಳಿದೆ. ಚೀಟಿಯ ಮೇಲೆ ಏನು ಬರೆದೆನೆಂದು ಹೇಳಲಿಲ್ಲ.

"ಯಾರ ಕೈಲಿ ಕಳ್ಸಿದ್ರಿ, ದೋನ್ ನಿಕಾನೋರ್?"

"ಲೆಫ್ಟಿನೆಂಟ್ ತಾನೇ ತಗೊಂಡು ಹೋದ್ಲು."

ಅವಳು ನಿಟ್ಟುಸಿರು ಬಿಟ್ಟಳು. ಆಯಮ್ಮ ಒಳ್ಳೆಯವಳು, ಚಿಂತೆಯಲ್ಲಿ ನನ್ನ ಎದೆ ಬತ್ತಿದ ಮೇಲೆ ದಿನವೂ ಮಗುವಿಗೆ ಡಬ್ಬಿ ಹಾಲು ಕಲಸಿ ತಂದುಕೊಡುತ್ತಾಳೆ, ಇವತ್ತೂ ಕೊಟ್ಟು ಹೋಗಿದ್ದಾಳೆ ಎಂದಳು. ಮಗು ಅವಳ ಹೆಗಲ ಮೇಲೆ ನಿದ್ರಿಸುತ್ತಿತ್ತು.

ಮನೆಯಲ್ಲಿ ಎದೆಲ್ಮೀರಾ ಒಲೆಯ ಮುಂದೆ ನಿಂತು ಕಡಲೆಕಾಯಿ ಸಾರು ತಿರುವುತ್ತಿದ್ದಳು. ಅಕ್ಕ ಸತ್ತ ಮೇಲೆ ನನ್ನ ಮನೆಗೆ ಬಂದು ಅಡುಗೆ ನೋಡಿಕೊಳ್ಳುವವಳು ಅವಳೇ. ಬಾಗಿಲಲ್ಲಿ ನನ್ನ ನೆರಳು ಬಿದ್ದದ್ದೇ ತಡ ಶುರು ಮಾಡಿದಳು.

"ಬಂದ್ರಾ ಭಾವ? ಸಾರು ಬಿಸಿ ಮಾಡಿ ಮಾಡಿ ಗೊಜ್ಜಾಯ್ತು. ನೀವು ಮಣ್ಣು ತುಂಬ್ಕೊಂಡು ತಿರುಗಿ. ಅಕ್ಕ ಇದ್ದಿದ್ರೆ ಹೊಸ್ತಿಲಲ್ಲೇ ನಿಲ್ಲಿಸ್ತಿದ್ಲು."

ನಾನು ಕೂರಲಿಲ್ಲ. ಹೆರ್ಮಿನಿಯಾಳ ಮೇಜಿನ ಮೇಲಿದ್ದ ಬಾಟಲಿಗಳಲ್ಲಿ ಯಾವುದನ್ನಾದರೂ ಯಾರಿಗಾದರೂ ಕೊಟ್ಟೆಯಾ ಎಂದು ಕೇಳಿದೆ.

ಕೊಟ್ಟೆ ಎಂದಳು, ಸಾರಿನ ಮೇಲಿನಿಂದ ಕಣ್ಣೆತ್ತದೆ.

"ಕ್ರಿಸಾಂತೊಗಾ?"

"ಆ ನೀರ್ಗಳ್ಳನಿಗಾ? ಅವನು ಈ ಮನೆ ಮೆಟ್ಟಿಲು ಹತ್ತಿದ್ರೆ ಪೊರಕೆ ತಗೋತಿದ್ದೆ." ಅವಳು ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ನನ್ನ ಕಡೆ ತಿರುಗಿದಳು. "ನಿಮ್ಮ ಲೆಫ್ಟಿನೆಂಟ್ ಹುಡುಗಿಗೆ ಕೊಟ್ಟೆ. ಬೆಳಿಗ್ಗೆ ನೀವು ಪೂಜೆಗೆ ಹೋಗಿದ್ದಾಗ ಬಂದಿದ್ಲು. ನೆಲ ಅಗೆಯೋಕೆ ಮುಂಚೆ ಸುರಿಯೋಕೆ ಅಕ್ಕನ ಮೇಜಿಂದೇ ಒಂದು ಬಾಟಲಿ ಬೇಕು, ಡಾಕ್ಟರ್ ಕಳಿಸಿದ್ದಾರೆ ಅಂದ್ಲು. ನೀವೇ ಕಳಿಸಿದ್ದು ತಾನೇ, ಭಾವ?"

ನಾನು ಯಾರನ್ನೂ ಕಳಿಸಿರಲಿಲ್ಲ, ಆ ಬಾಟಲಿ ಎಲ್ಲಿಂದ ಬಂತೆಂದು ಕ್ರಿಸಾಂತೊನನ್ನು ಕೇಳುವಾಗ ನಿನ್ಫಾ ಪಕ್ಕದಲ್ಲೇ ನಿಂತಿದ್ದಳು. ಬಾಗಿಲಿಗೆ ಹೋಗಿ ರಸ್ತೆಯ ಕಡೆ ನೋಡಿದೆ.

ಬಸ್ಸು ಅಷ್ಟು ಹೊತ್ತಿಗೆ ಕಣಿವೆ ದಾಟಿ ರಾಜಧಾನಿಯ ರಸ್ತೆ ಹಿಡಿದಿತ್ತು. ಐದು ಸೀಸೆಗಳ ಪೆಟ್ಟಿಗೆ ನಿನ್ಫಾಳ ತೊಡೆಯ ಮೇಲೆ. ರಸ್ತೆಯ ಕುಲುಕಾಟಕ್ಕೆ ಮೊಹರು ಬಿರುಕು ಬಿಟ್ಟರೆ, ಚೀಟಿ ಹರಿದರೆ ಹೊಸದು ಹಾಕಲು ಇರಲಿ ಎಂದು, ಯಾವಾಗಲೂ ಮಾಡುವ ಹಾಗೆ, ಉಳಿದ ಅರಗನ್ನೂ, ನನ್ನ ಮುದ್ರೆಯನ್ನೂ, ನಾನು ಸಹಿ ಹಾಕಿದ ಖಾಲಿ ಚೀಟಿಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಯಿಂದಲೇ ಅವಳಿಗೆ ಕೊಟ್ಟಿದ್ದೆ.